ಯಾವ ನೂರಕ್ಕೆ ಐವತ್ತು?

ಮಾರ್ಚ್ ೪

ಪ್ರೀತಿಯ ಅಕ್ಕಾ,

ಕಾಗದ ನೋಡಿ ಎದೆ ಧಸಕ್ಕೆಂದಿದ್ದರೆ ಮೊದಲು ಕೂತು ನೀರು ಕುಡಿ. ಯಾರಿಗೂ ಏನೂ ಆಗಿಲ್ಲ. ಎರಡು ವರ್ಷದಿಂದ ಫೋನಿನಲ್ಲಿ "ಹೂಂ, ಚೆನ್ನಾಗಿದೀನಿ, ಆಮೇಲೆ ಮಾಡ್ತೀನಿ" ಎಂದು ಮೂರೇ ಮಾತಿಗೆ ಮುಗಿಸುತ್ತಿದ್ದವನು ಕೈಯಾರೆ ಬರೆಯುತ್ತಿದ್ದಾನೆ ಎಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀನು ಆಗಲೇ ಭಾವನ ಹತ್ತಿರ ಹೇಳಿರುತ್ತೀಯ. ಕೆಲಸವೇ ಬಿದ್ದಿದೆ.

ನಿಮ್ಮ ಕಾರ್ಖಾನೆಯ ಕಡತ ನನ್ನ ಮೇಜಿಗೆ ಬಂದಿದೆ. ಕಲ್ಲಿದ್ದಲಿನ ಬದಲು ಮರದ ಗುಳಿಗೆ ಸುಟ್ಟು ವಿದ್ಯುತ್ ಮಾಡಿದರೆ ಪರಿಸರಕ್ಕೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಗುಳಿಗೆ ತಯಾರಾಗುವ ಮೊದಲು ಮರವನ್ನು ಚೂರು ಮಾಡಿ, ಒಣಗಿಸಿ, ಪುಡಿ ಮಾಡಿ, ಒತ್ತಿ, ಲಾರಿಗೆ ತುಂಬುವಷ್ಟರಲ್ಲಿ ಎಷ್ಟು ಹೊಗೆ, ಎಷ್ಟು ಧೂಳು? ಅದನ್ನು ಅಳೆದು ಹೇಳುವುದು ನನ್ನ ಕೆಲಸ. ನನ್ನ ವರದಿ ಪರಿಸರ ಮಂಡಳಿಗೆ ಹೋಗುತ್ತದೆ. ಮಂಡಳಿಗೆ ಒಪ್ಪಿಗೆಯಾದರೆ ನಿಮ್ಮಲ್ಲಿ ಚೂರು ಒಣಗಿಸುವ ಎರಡನೇ ಡ್ರೈಯರ್ ಏಳುತ್ತದೆ.

ಕಾರ್ಖಾನೆಯವರು ತುಂಬಿ ಕಳಿಸಿದ ಫಾರಂನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾರೆ. ಹಸಿ ಚೂರಿನ ತೇವಾಂಶ ಎಷ್ಟು ಎನ್ನುವುದು. ಕಚೇರಿಯ ಮೂಲಕ ಕೇಳಿದರೆ ಮೂರು ವಾರ, ವರದಿಯೋ ಈ ತಿಂಗಳ ಕೊನೆಗೆ ಕೊಡಬೇಕು. ದಿನಾ ಅದನ್ನು ತೂಗುವವಳು ನನ್ನ ಅಕ್ಕನೇ ಆಗಿರುವಾಗ ಊರೆಲ್ಲ ಯಾಕೆ ಸುತ್ತಲಿ? ಒಂದೇ ಒಂದು ಅಂಕಿ ಬರೆದು ಕಳಿಸು. ನನ್ನ ಕಚೇರಿಯ ಮಿಂಚಂಚೆಯನ್ನು ಹತ್ತು ಜನ ಓದುತ್ತಾರೆ, ಕೆಲಸದ ಹೊತ್ತಿನಲ್ಲಿ ನಿನ್ನ ಫೋನು ಗೇಟಿನ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಕಾಗದವೇ ವಾಸಿ.

ಭಾವನ ಕೆಮ್ಮು ಹೇಗಿದೆ?

ನಿನ್ನ ತಮ್ಮ


ಮಾರ್ಚ್ ೯

ಮಹಾರಾಯನಿಗೆ ಅಕ್ಕನ ಆಶೀರ್ವಾದ.

ಕೆಲಸ ಬಿದ್ದಾಗ ಅಕ್ಕ, ಮುಗಿದ ಮೇಲೆ ಯಾರಕ್ಕ ಎಂದು ನಿನ್ನ ಭಾವ ನಕ್ಕರು. ನಗುತ್ತಲೇ ಕೆಮ್ಮಿದರು. ನಿನ್ನ ಪ್ರಶ್ನೆಗೆ ಅದೇ ಉತ್ತರ.

ನೀನು ಕೇಳಿದ ಅಂಕಿಯನ್ನು ಬೇರೆ ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ನೂರಕ್ಕೆ ಐವತ್ತು. ಮೂರು ತಿಂಗಳ ಸರಾಸರಿ, ಒಂದೊಂದು ತೂಕವೂ ನನ್ನ ಕೈಯಿಂದಲೇ ಆದದ್ದು. ನನ್ನ ಪ್ರಯೋಗಾಲಯ ಎಂದರೆ ಏನೋ ಅಂದುಕೊಳ್ಳಬೇಡ. ಒಂದು ತಕ್ಕಡಿ, ಒಂದು ಓವನ್, ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಯಾಚೆ ಪುಡಿ ಮಾಡುವ ಯಂತ್ರ. ಅದು ತಿರುಗುವಾಗ ತಕ್ಕಡಿಯ ಮುಳ್ಳಿಗೆ ನಡುಕ. ಮಧ್ಯಾಹ್ನದ ಊಟಕ್ಕೆ ಯಂತ್ರ ನಿಂತಾಗ ನಾನು ತೂಗುತ್ತೇನೆ, ಆಮೇಲೆ ಊಟ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಆರಿದ ಊಟವೇ.

ಎರಡನೇ ಡ್ರೈಯರ್ ಎಲ್ಲಿ ನಿಲ್ಲಿಸುತ್ತಾರೆ ಗೊತ್ತೇನು? ನಮ್ಮ ಸಾಲುಮನೆಗಳ ಹಿಂದೆ. ಹಿತ್ತಿಲ ಗೋಡೆಯಿಂದ ನಲವತ್ತು ಹೆಜ್ಜೆ, ನಾನೇ ನಡೆದು ಎಣಿಸಿದೆ. ಪಕ್ಕದ ಮನೆಯ ದರ್ಜಿಯಮ್ಮ ಈಗಲೇ ಬಿಳಿ ಬಟ್ಟೆ ಹೊಲಿಯುವಾಗ ಕಿಟಕಿ ಮುಚ್ಚಿಕೊಳ್ಳುತ್ತಾಳೆ, ಇಲ್ಲದಿದ್ದರೆ ಹೊಲಿಗೆಯ ಮೇಲೆಲ್ಲ ಕಂದು ಚುಕ್ಕೆ. ನಿನ್ನ ತಮ್ಮ ಅಳೀತಾನಂತಲ್ಲ, ಇನ್ನೇನು ಭಯ ಎಂದಳು. ನಾನೂ ಹಾಗೇ ಅಂದುಕೊಂಡಿದ್ದೇನೆ. ಅಪ್ಪನ ಮರದ ಅಂಗಡಿಯಲ್ಲಿ ಹಲಗೆ ತೂಗಿ ತೂಗಿ ಬೆಳೆದವನು ನೀನು. ಜಾಗ ಸರಿಯಿಲ್ಲ ಎಂದಾದರೆ ಸರಿಯಿಲ್ಲ ಎಂದು ಬರೆ, ಸರಿ ಎಂದಾದರೆ ನಾವು ನಿಶ್ಚಿಂತೆಯಿಂದ ಮಲಗುತ್ತೇವೆ.

ಮುಂದಿನ ಸಲ ಕೆಲಸವಿಲ್ಲದಿದ್ದರೂ ಬರೆ.

ಅಕ್ಕ


ಮೇ ೨೨

ತಮ್ಮಾ,

ನಿನ್ನ ವರದಿಯನ್ನು ಗೇಟಿನ ಫಲಕಕ್ಕೆ ಅಂಟಿಸಿದ್ದಾರೆ. ಕೊನೆಯ ಪುಟದಲ್ಲಿ ನಿನ್ನ ಸಹಿ. ಬಾಲವಿರುವ ಅದೇ ಸಹಿ. ಯಾರಿಗೂ ಹೇಳಲಿಲ್ಲ, ಒಳಗೊಳಗೇ ಹಿಗ್ಗಿದೆ. ದರ್ಜಿಯಮ್ಮನಿಗೂ ಬಾಯಿ ಬಿಡಬೇಡ ಎಂದಿದ್ದೇನೆ.

ಹಿಗ್ಗು ಸಂಜೆಯವರೆಗೂ ಉಳಿಯಲಿಲ್ಲ. ನಿನ್ನ ಭಾವ ಕನ್ನಡಕ ಹಾಕಿಕೊಂಡು ಫಲಕದ ಮುಂದೆ ನಿಂತು ಓದಿದರು. ಡ್ರೈಯರಿನ ಕುಲುಮೆಗೆ ತೊಗಟೆ ತುಂಬುವ ಗಾಡಿ ಓಡಿಸುವವರು ಅವರೇ ಅಲ್ಲವೇ? ನಿನ್ನ ವರದಿಯಲ್ಲಿ ಒಂದು ಡ್ರೈಯರಿಗೆ ಪಾಳಿಗೆ ಗಾಡಿಯ ಹತ್ತು ಬಕೆಟ್ ತೊಗಟೆ ಸಾಕು ಎಂದಿದೆ. ಅವರು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಹತ್ತು ಬಕೆಟ್ಟಂತೆ ಕಣೇ! ಹತ್ತರಲ್ಲಿ ಬೆಳಗಿನ ಚಹಾದ ಹೊತ್ತೂ ದಾಟಲ್ಲ. ನಾನು ಇಪ್ಪತ್ತೆರಡು ಹಾಕ್ತೀನಿ. ಉಳಿದ ಹನ್ನೆರಡು ನಿನ್ನ ತಮ್ಮ ಬಂದು ಹಾಕ್ತಾನಾ?"

ನಾನೂ ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ ಕೈ ನಿಂತುಬಿಟ್ಟಿತು. ನೂರಕ್ಕೆ ಐವತ್ತು ಎಂದು ಬರೆದು ಕಳಿಸಿದೆನಲ್ಲ, ನೀನು ಅದನ್ನು ಯಾವ ನೂರು ಎಂದುಕೊಂಡೆ?

ನಮ್ಮಲ್ಲಿ ಹೀಗೆ: ಹಸಿ ಚೂರು ನೂರು ಗ್ರಾಂ ತೂಗಿ ಓವನ್ನಿನಲ್ಲಿ ಒಂದು ದಿನ ಇಡುತ್ತೇನೆ. ಮರುದಿನ ಐವತ್ತು ಉಳಿದಿರುತ್ತದೆ. ಹೋದ ಐವತ್ತು ನೀರು. ಅರ್ಧ ಮರ, ಅರ್ಧ ನೀರು. ಅಪ್ಪನ ಅಳತೆ ಹಾಗಿರಲಿಲ್ಲ. ಬಾಗಿಲು ಕಿಟಕಿಗೆ ಮರ ಕೊಡುವವರು ಒಣಮರವನ್ನೇ ನೂರು ಎಂದು ಹಿಡಿದು, ಅದರ ಮೇಲೆ ನೀರೆಷ್ಟು ಎಂದು ಹೇಳುತ್ತಾರೆ. ನಮ್ಮ ಇದೇ ರಾಶಿಯನ್ನು ಅಪ್ಪ ಅಳೆದಿದ್ದರೆ ನೂರಕ್ಕೆ ನೂರು ಎನ್ನುತ್ತಿದ್ದರು. ಚಿಕ್ಕವನಿದ್ದಾಗ ನೀನು ನೂರಕ್ಕೆ ನೂರಹತ್ತು ನೀರು ಹೇಗಪ್ಪಾ ಎಂದು ಅಪ್ಪನ ಜೊತೆ ಜಗಳಕ್ಕೆ ನಿಂತದ್ದು ನೆನಪಿದೆಯೇ?

ಅಕ್ಕ ಬರೆದದ್ದು ಅಪ್ಪನ ಅಳತೆಯೇ ಇರಬೇಕು ಎಂದು ಓದಿಕೊಂಡಿದ್ದರೆ, ನೂರು ಮರಕ್ಕೆ ಬರೀ ಐವತ್ತು ನೀರು. ಅರ್ಧ ನೀರು ನಿನ್ನ ಕಾಗದದ ಮೇಲೆಯೇ ಆರಿಹೋಯಿತು! ಗುಳಿಗೆಯಲ್ಲಿ ಉಳಿಯಬೇಕಾದ ಚೂರು ತೇವವನ್ನೂ ಕಳೆದರೆ, ನಿನ್ನ ಲೆಕ್ಕದಲ್ಲಿ ಸುಡುವ ತೊಗಟೆ, ಬರುವ ಹೊಗೆ, ಎಲ್ಲವೂ ಅರ್ಧಕ್ಕಿಂತ ಕಡಿಮೆ.

ಹಾಗೆ ಆಗಿರಲಾರದು. ಆದರೂ ಒಂದು ಸಾಲು ಬರೆ.

ಅಕ್ಕ


ಮೇ ೩೦

ಅಕ್ಕಾ,

ವರದಿಯನ್ನು ನಮ್ಮ ಕಚೇರಿಯ ಇಬ್ಬರು ತಜ್ಞರು ನೋಡಿ ಒಪ್ಪಿದ್ದಾರೆ. ಬಕೆಟ್ ಎಣಿಸಿ ಹೇಳುವ ಲೆಕ್ಕಕ್ಕೆ ಆಧಾರವಿರುವುದಿಲ್ಲ. ಒಂದು ಬಕೆಟ್ ತುಂಬಿರುತ್ತದೆ, ಇನ್ನೊಂದು ಅರ್ಧ ಇರುತ್ತದೆ. ತೊಗಟೆಯೂ ಒಂದೇ ಥರ ಇರುವುದಿಲ್ಲ. ಭಾವನ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಇದು ಬೇರೆ ವಿಷಯ.

ಕಚೇರಿಯಲ್ಲಿ ತುಂಬಾ ಕೆಲಸ. ನಾನು ಮಾರ್ಚಿನಲ್ಲಿ ಬರೆದ ಕಾಗದ ಇನ್ನೂ ಇದ್ದರೆ ಹರಿದುಹಾಕು. ಹಳೆಯ ಕಾಗದ ಇಟ್ಟುಕೊಂಡರೆ ಮನೆಯಲ್ಲಿ ಜಿರಲೆ.

ನಿನ್ನ ತಮ್ಮ


ಜೂನ್ ೧೧

ತಮ್ಮಾ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೇಳಿದ್ದು ಯಾವ ನೂರು ಎಂದು. ನೀನು ಉತ್ತರ ಬರೆದದ್ದು ಜಿರಲೆಯ ಬಗ್ಗೆ.

ನಿನ್ನ ವರದಿಯ ಪ್ರತಿ ಕೇಳಿ ಪಡೆದೆ. ನಾನು ಹತ್ತನೇ ತರಗತಿಯವಳು, ಆದರೆ ಭಾಗಾಕಾರ ಬರುತ್ತದೆ. ಮೂರು ದಿನ ಕೂತು ಎರಡೂ ರೀತಿಯಲ್ಲಿ ಮಾಡಿ ನೋಡಿದೆ. ಅಪ್ಪನ ಅಳತೆ ಹಿಡಿದರೆ ನಿನ್ನ ಹತ್ತು ಬಕೆಟ್ ಬರುತ್ತದೆ, ಕೂದಲೆಳೆಯೂ ಆಚೀಚೆ ಇಲ್ಲ. ನಮ್ಮ ಅಳತೆ ಹಿಡಿದರೆ ನಿನ್ನ ಭಾವನ ಇಪ್ಪತ್ತೆರಡು. ಹತ್ತಕ್ಕೆ ಹೊಗೆ ಮಂಡಳಿಯ ಗೆರೆಯ ಒಳಗಿರುತ್ತದೆ, ಇಪ್ಪತ್ತೆರಡಕ್ಕೆ ಗೆರೆ ದಾಟುತ್ತದೆ.

ಗೆರೆ ಎಂದರೆ ಏನು ಎಂದು ನಿನಗೆ ಕಾಗದದ ಮೇಲೆ ಗೊತ್ತು. ನಮಗೆ ಬೆಳಿಗ್ಗೆ ಬಾಗಿಲು ತೆಗೆದಾಗ ಗೊತ್ತಾಗುತ್ತದೆ. ಗಾಳಿ ಇಲ್ಲದ ದಿನ ಡ್ರೈಯರಿನ ನೀಲಿ ಹೊಗೆ ಮೇಲೆ ಹೋಗುವುದಿಲ್ಲ, ಬೀದಿಯಲ್ಲೇ ಕೂರುತ್ತದೆ. ಮೊದಮೊದಲು ಅಂಟಿನ ಸಿಹಿ ವಾಸನೆ, ಆಮೇಲೆ ಗಂಟಲಲ್ಲಿ ಕೆರೆತ. ಒಗೆದು ಹರವಿದ ಬಟ್ಟೆಯನ್ನು ಇನ್ನೊಮ್ಮೆ ಕೊಡವಬೇಕು. ಒಂದು ಡ್ರೈಯರಿಗೆ ಇಷ್ಟು, ಅದೂ ಆಚೆ ತುದಿಯಲ್ಲಿರುವಾಗ. ನಿನ್ನ ಭಾವ ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ನಿಂತು, ಏನೋ ಮರೆತವರ ಹಾಗೆ ಜೇಬು ತಡಕಾಡುತ್ತಾರೆ. ಜೇಬಿನಲ್ಲಿ ಏನೂ ಇರುವುದಿಲ್ಲ. ಉಸಿರು ಸಾಲದೆ ನಿಂತದ್ದು ಎಂದು ನನಗೆ ತಿಳಿಯಬಾರದು, ಅಷ್ಟೇ.

ಕಾರ್ಖಾನೆ ಮುಚ್ಚಲಿ ಎನ್ನುವವಳಲ್ಲ ನಾನು. ಅದರ ಅನ್ನ ತಿಂದಿದ್ದೇನೆ. ಹೊಗೆ ಸೋಸುವ ಪೆಟ್ಟಿಗೆ ಹಾಕಲಿ, ಇಲ್ಲವೇ ಡ್ರೈಯರನ್ನು ಆಚೆಯ ಬಯಲಿಗೆ ಒಯ್ಯಲಿ. ವರದಿ ಸರಿಯಿದ್ದರೆ ತಾನೇ ಮಂಡಳಿ ಹಾಗೆ ಹೇಳುವುದು? ಜುಲೈ ಹದಿನೆಂಟಕ್ಕೆ ಇಲ್ಲಿ ಸಾರ್ವಜನಿಕ ಸಭೆ. ಅಷ್ಟರೊಳಗೆ ನೀನೇ ತಿದ್ದಿ ಬರೆ. ಇಲ್ಲದಿದ್ದರೆ ನಾನು ಎದ್ದು ನಿಂತು ಕೇಳುತ್ತೇನೆ.

ಕಾಗದ ಹರಿದಿಲ್ಲ. ನಮ್ಮ ಮನೆಯಲ್ಲಿ ಜಿರಲೆ ಇಲ್ಲ.

ಅಕ್ಕ


ಜೂನ್ ೨೯

ಅಕ್ಕಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ನೀನು ಹೇಳಿದ್ದು ಸರಿ. ಮೇ ತಿಂಗಳ ನಿನ್ನ ಕಾಗದ ಓದಿದ ಒಂದೇ ಗಂಟೆಯಲ್ಲಿ ನನಗೆ ಗೊತ್ತಾಯಿತು. ಚೀಟಿಯಲ್ಲಿ ನಿನ್ನ ಅಕ್ಷರ ನೋಡಿದ್ದೇ ತಡ, ನಾನು ಅಪ್ಪನ ಅಂಗಡಿಯಲ್ಲಿ ಕೂತುಬಿಟ್ಟೆ. ಬೇರೆ ಯಾರಾದರೂ ಕಳಿಸಿದ್ದರೆ ಯಾವ ಅಳತೆ ಎಂದು ಕೇಳುತ್ತಿದ್ದೆ. ಅಕ್ಕ ಬರೆದಿದ್ದಾಳೆ, ಇನ್ನೇನು ಕೇಳುವುದು ಎಂದುಕೊಂಡೆ.

ತಿದ್ದುವುದು ಸುಲಭವಲ್ಲ. ತಿದ್ದಿದರೆ ಅಂಕಿ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕಾರ್ಖಾನೆಯ ಕಚೇರಿಯಿಂದ ಬಂದಿಲ್ಲ, ಅಕ್ಕನ ಚೀಟಿಯಿಂದ ಬಂದಿದೆ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕೆಲಸ ಒಪ್ಪಿಕೊಳ್ಳುವ ಮೊದಲು ನಾವು ಒಂದು ಹಾಳೆ ತುಂಬಬೇಕು. "ಈ ಸಂಸ್ಥೆಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?" ಹೌದು ಎಂದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ನಾನು ಇಲ್ಲ ಎಂದು ಗುರುತು ಹಾಕಿದೆ. ಇದು ನನ್ನ ಹೆಸರಿನಲ್ಲಿ ಬರುವ ಮೊದಲ ದೊಡ್ಡ ವರದಿ ಅಕ್ಕಾ. ಎಂಟು ವರ್ಷ ಬೇರೆಯವರ ವರದಿಗೆ ಕೋಷ್ಟಕ ಬರೆದುಕೊಟ್ಟಿದ್ದೇನೆ.

ಈಗ ಇದೆಲ್ಲ ಹೊರಗೆ ಬಂದರೆ ನನ್ನ ಪರವಾನಗಿ ಹೋಗುತ್ತದೆ. ನಿನ್ನನ್ನೂ ಬಿಡುವುದಿಲ್ಲ, ಒಳಗಿನ ಅಂಕಿಯನ್ನು ಹೊರಗೆ ಕೊಟ್ಟೆ ಎನ್ನುತ್ತಾರೆ. ಸಭೆಗೆ ನಾನೂ ಬರಬೇಕು, ವೇದಿಕೆಯ ಮೇಲೆ ಕೂರಬೇಕು. ದಯವಿಟ್ಟು ಏನೂ ಕೇಳಬೇಡ. ನಿನ್ನ ಕಾಲು ಹಿಡಿಯುತ್ತೇನೆ.

ತಮ್ಮ


ಜುಲೈ ೧೯

ಪರಿಸರ ತಜ್ಞರಿಗೆ,

ನಿನ್ನೆ ನೀನು ವೇದಿಕೆಯ ಮೇಲಿದ್ದೆ. ಕೆಳಗಿನಿಂದ ಹೇಗೆ ಕಂಡಿತು ಎಂದು ಹೇಳುತ್ತೇನೆ, ಓದಿಕೋ.

ಕೇಳಬಾರದು ಎಂದೇ ಮನೆಯಿಂದ ಹೊರಟೆ. ದರ್ಜಿಯಮ್ಮನ ಪಕ್ಕ ಕೂತು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ನೀನು ಪರದೆಯ ಮೇಲೆ ನಮ್ಮ ಸಾಲುಮನೆಗಳ ಚಿತ್ರ ತೋರಿಸಿ, "ಇಲ್ಲಿನ ನಿವಾಸಿಗಳ ಮೇಲೆ ಪರಿಣಾಮ ನಗಣ್ಯ" ಎಂದೆ. ಆ ಚಿತ್ರದಲ್ಲಿ ನಮ್ಮ ಹಿತ್ತಿಲ ಹಗ್ಗ ಕಾಣುತ್ತಿತ್ತು. ಹಗ್ಗದ ಮೇಲೆ ನಿನ್ನ ಭಾವನ ಅಂಗಿ. ಯಾವಾಗ ಎದ್ದು ನಿಂತೆನೋ ನನಗೇ ಗೊತ್ತಿಲ್ಲ.

"ತಮ್ಮಾ, ನೂರಕ್ಕೆ ಐವತ್ತು ಅಂತ ಬರ್ದಿದೀಯಲ್ಲ, ಅದು ಯಾವ ನೂರಕ್ಕೆ?"

ಬಾಯಿ ತಪ್ಪಿ ತಮ್ಮಾ ಎಂದುಬಿಟ್ಟೆ. ಆದರೆ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಮಾತಿನಲ್ಲಿ ಕಂಡ ಕಂಡ ಹುಡುಗರೆಲ್ಲ ತಮ್ಮಂದಿರೇ ಅಲ್ಲವೇ? ಅಧ್ಯಕ್ಷರು ಮುಗುಳ್ನಕ್ಕರು, ಅಷ್ಟೇ. ನೀನೊಬ್ಬನೇ ಬೆಚ್ಚಿದೆ. ನೀರಿನ ಲೋಟ ಎತ್ತಿದೆ, ಕುಡಿಯದೆ ಇಟ್ಟೆ.

ಆಮೇಲೆ ನೀನು ಹೇಳಿದೆ. "ನೋಡಿ ಅಮ್ಮಾ, ಇದು ತಾಂತ್ರಿಕ ವಿಷಯ, ನಿಮಗೆ ಅರ್ಥ ಆಗೋದು ಕಷ್ಟ. ಅಂಕಿ ಕೊಟ್ಟಿರೋದು ಕಾರ್ಖಾನೆಯ ಪ್ರಯೋಗಾಲಯ. ಅದ್ರಲ್ಲಿ ತಪ್ಪಿದ್ರೆ ಅಳೆದವರನ್ನ ಕೇಳ್ಬೇಕು."

ಅಮ್ಮಾ!

ಅಕ್ಕಾ ಎಂದಿದ್ದರೆ ಯಾರಿಗೆ ಏನು ತಿಳಿಯುತ್ತಿತ್ತೋ? ಬಸ್ಸಿನ ಕಂಡಕ್ಟರ್ ನನ್ನನ್ನು ಅಕ್ಕಾ ಎನ್ನುತ್ತಾನೆ. ಹಾಲಿನವನು ಅಕ್ಕಾ ಎನ್ನುತ್ತಾನೆ. ಗೇಟಿನ ಕಾವಲುಗಾರ, ನನಗಿಂತ ಹತ್ತು ವರ್ಷ ದೊಡ್ಡವನು, ಅವನೂ ಅಕ್ಕಾ ಎನ್ನುತ್ತಾನೆ. ಆ ಸಭೆಯಲ್ಲಿ ಆ ಮಾತನ್ನು ಬಳಸಲು ಹೆದರಿದವನು ಒಬ್ಬನೇ, ಅದಕ್ಕೆ ಹಕ್ಕಿದ್ದವನು.

ಅಳೆದವರನ್ನು ಕೇಳಬೇಕಂತೆ. ಅಳೆದವಳು ನಾನು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಮ್ಯಾನೇಜರು ಮೊದಲ ಸಾಲಿನಿಂದ ಕತ್ತು ತಿರುಗಿಸಿ ನೋಡಿದರು. ನಿನ್ನ ಕಾಗದ ನನ್ನ ಕೈಚೀಲದಲ್ಲೇ ಇತ್ತು, ನಿನ್ನ ಹೆಸರು ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ. ಯಾಕೆ ನುಂಗಿದೆ ಎಂದು ದಾರಿಯುದ್ದಕ್ಕೂ ದರ್ಜಿಯಮ್ಮ ಬೈದಳು. ಮನೆಗೆ ಬಂದು ನೀರೊಲೆಯ ಮುಂದೆ ಕೂತು ಅತ್ತೆ. ಹೊಗೆಗೆ ಎಂದು ನಿನ್ನ ಭಾವನಿಗೆ ಹೇಳಿದೆ.

ಅಳೆದವಳು


ಆಗಸ್ಟ್ ೭

ಅಕ್ಕಾ,

ಏನು ಬೇಕಾದರೂ ಅನ್ನು, ಅಳೆದವಳು ಎಂದು ಸಹಿ ಹಾಕಬೇಡ.

ಅಕ್ಕಾ ಎಂದಿದ್ದರೆ ನನ್ನ ದನಿ ಬದಲಾಗುತ್ತಿತ್ತು. ಎಲ್ಲರಿಗೂ ಗೊತ್ತಾಗುತ್ತಿತ್ತು. ಅದಕ್ಕೇ ಬೇರೆ ಮಾತು ಹುಡುಕಿದೆ, ಬಾಯಿಗೆ ಅದು ಸಿಕ್ಕಿತು. ಅಳೆದವರನ್ನು ಕೇಳಬೇಕು ಎನ್ನುವುದನ್ನು ಯಾಕೆ ಹೇಳಿದೆ ಎಂದು ನನಗೂ ಗೊತ್ತಿಲ್ಲ. ಹೆದರಿಕೆಯಾದಾಗ ಮನುಷ್ಯ ಹತ್ತಿರ ಇದ್ದವರ ಹಿಂದೆ ಅಡಗುತ್ತಾನೆ. ನಾನು ಚಿಕ್ಕಂದಿನಿಂದ ನಿನ್ನ ಹಿಂದೆಯೇ ಅಡಗಿದವನು.

ಒಂದು ದಾರಿ ಯೋಚಿಸಿದ್ದೇನೆ. ಮಂಡಳಿಯ ತೀರ್ಮಾನ ಸೆಪ್ಟೆಂಬರ್ ಇಪ್ಪತ್ತಕ್ಕೆ. ಅದು ಆಗಿಹೋಗಲಿ. ಆಮೇಲೆ, ಒಂದು ವರ್ಷ ಬಿಟ್ಟು, ಪರಿಷ್ಕೃತ ವರದಿ ಎಂದು ಇನ್ನೊಂದನ್ನು ಸದ್ದಿಲ್ಲದೆ ಸೇರಿಸುತ್ತೇನೆ. ಅದರಲ್ಲಿ ಹೊಗೆ ಸೋಸುವ ಪೆಟ್ಟಿಗೆ ಹಾಕಬೇಕೆಂದು ಶಿಫಾರಸು ಮಾಡುತ್ತೇನೆ. ಆಗ ಯಾರೂ ಹಳೆಯದನ್ನು ಕೆದಕುವುದಿಲ್ಲ. ನಿನ್ನ ಕೆಲಸವೂ ಉಳಿಯುತ್ತದೆ. ಇನ್ನೂ ಒಂದು ಯೋಚಿಸು: ಈಗ ನಿಜ ಹೇಳಿದರೆ ಎರಡನೇ ಡ್ರೈಯರ್ ಬರುವುದೇ ಇಲ್ಲ, ಅದಕ್ಕೆಂದು ಸೇರಿಸಿಕೊಳ್ಳಬೇಕಿದ್ದ ಮೂವತ್ತು ಜನರಿಗೆ ಕೆಲಸ ಇಲ್ಲ. ಅವರೂ ನಿಮ್ಮ ಬೀದಿಯವರೇ ತಾನೆ?

ಭಾವನನ್ನು ಒಳ್ಳೆಯ ವೈದ್ಯರಿಗೆ ತೋರಿಸೋಣ. ಇಲ್ಲಿಗೆ ಕರೆದುಕೊಂಡು ಬಾ.

ನಿನ್ನ ತಮ್ಮ


ಆಗಸ್ಟ್ ೩೦

ತಮ್ಮಾ,

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿನ್ನ ದಾರಿ ಅದು. ಆದರೆ ಇಲ್ಲಿ ಹಾವು ಉಳಿದರೆ ಅದರ ಜೊತೆ ಬಾಳಬೇಕಾದವರು ನಾವು.

ತೀರ್ಮಾನ ಆಗುವ ಮೊದಲೇ ಹಿತ್ತಿಲ ಹಿಂದೆ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದಾರೆ. ಮಣ್ಣು ಅಗೆಯುವ ಯಂತ್ರ ಬಂದು ನಿಂತಿದೆ. ಪಾಯ ತೆಗೆಯುವವರು ಗೋಡೆಯ ಮೇಲಿಂದ ನೀರು ಕೇಳುತ್ತಾರೆ, ನಾನೇ ಕೊಡುತ್ತೇನೆ. ಬಾಯಾರಿದವರ ಮೇಲೆ ಯಾವ ಸಿಟ್ಟು? ಒಬ್ಬ ಹೇಳಿದ, ಚಿಮಣಿ ಒಂದು ಸಲ ಎದ್ದರೆ ಮೂವತ್ತು ವರ್ಷ ಅಲ್ಲಾಡಲ್ಲ ಅಕ್ಕಾ ಎಂದು. ನಿನ್ನ ಒಂದು ವರ್ಷ ಬಿಟ್ಟು ಬರುವ ವರದಿಯನ್ನು ಯಾರು ಓದುತ್ತಾರೆ? ಚಿಮಣಿಗೆ ಓದಿ ಹೇಳುತ್ತೀಯಾ?

ಮೂವತ್ತು ಜನರ ಮಾತು ಸುಳ್ಳಲ್ಲ. ಅದನ್ನು ನಾನೂ ಯೋಚಿಸಿದ್ದೇನೆ. ಆದರೆ ನೀನು ಅವರಿಗೆ ಕೆಲಸ ಕೊಡಲು ವರದಿ ಬರೆದವನಲ್ಲ. ನಿಜ ಇಷ್ಟು ಎಂದು ಹೇಳಲು ಬರೆದವನು. ಅದಾದ ಮೇಲೆ ಕೆಲಸವೋ ಗಾಳಿಯೋ ಎಂದು ಬೀದಿಯವರು, ಮಂಡಳಿಯವರು ಕೂತು ತೀರ್ಮಾನಿಸಲಿ. ಕಣ್ಣಿಗೆ ಬಟ್ಟೆ ಕಟ್ಟಿ ತೀರ್ಮಾನ ಮಾಡಿಸಬೇಡ.

ನಿನ್ನ ಮಾರ್ಚಿನ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ನೀನು ನನ್ನನ್ನು ಅಂಕಿ ಕೇಳಿದ್ದಕ್ಕೆ, ನಾನು ನಿನ್ನ ಅಕ್ಕ ಎನ್ನುವುದಕ್ಕೆ ನನ್ನ ಹತ್ತಿರ ಉಳಿದಿದ್ದ ಸಾಕ್ಷಿ ಇದೊಂದೇ. ಉಳಿದ ಕಾಗದಗಳನ್ನು ಒಲೆಗೆ ಹಾಕಿದೆ. ಇನ್ನು ನಿನಗೆ ನನ್ನ ಭಯ ಬೇಡ. ಅದನ್ನು ಹರಿಯುವುದಾದರೆ ನೀನೇ ಹರಿ. ಅಕ್ಕನ ಭಯಕ್ಕೆ ನಿಜ ಹೇಳಿದೆ ಎಂದೂ ಆಗಬಾರದು, ಅಕ್ಕನಿಂದ ಹಾಳಾದೆ ಎಂದೂ ಆಗಬಾರದು.

ಇದಕ್ಕೆ ಉತ್ತರ ಬೇಕಿಲ್ಲ. ನಾನೂ ಇನ್ನು ಬರೆಯುವುದಿಲ್ಲ.

ಅಕ್ಕ


ಸೆಪ್ಟೆಂಬರ್ ೧೨

ಪರಿಸರ ಮಂಡಳಿಯ ಅಧ್ಯಕ್ಷರಿಗೆ
(ಪ್ರತಿ: ಕಾರ್ಖಾನೆಯ ಪ್ರಯೋಗಾಲಯದಲ್ಲಿ ತೇವಾಂಶ ಅಳೆಯುವವರಿಗೆ, ಅವರ ಮನೆಯ ವಿಳಾಸಕ್ಕೆ)

ಮಾನ್ಯರೇ,

ಮರದ ಗುಳಿಗೆ ಕಾರ್ಖಾನೆಯ ಎರಡನೇ ಡ್ರೈಯರ್ ಕುರಿತು ನಾನು ಸಲ್ಲಿಸಿದ ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಹಸಿ ಚೂರಿನ ತೇವಾಂಶ ನೂರಕ್ಕೆ ಐವತ್ತು ಎಂಬ ಅಂಕಿ ಸರಿಯಾದದ್ದು. ಅದನ್ನು ಒಟ್ಟು ತೂಕದ ಮೇಲಿನ ಅಳತೆ ಎಂದು ಓದಬೇಕಿತ್ತು. ನಾನು ಒಣಮರದ ಮೇಲಿನ ಅಳತೆ ಎಂದು ಓದಿದೆ. ಆದ್ದರಿಂದ ಒಣಗಿಸಲು ಬೇಕಾಗುವ ತೊಗಟೆ ಮತ್ತು ಅದರಿಂದ ಬರುವ ಹೊಗೆಯನ್ನು ನನ್ನ ವರದಿ ಅರ್ಧಕ್ಕಿಂತ ಕಡಿಮೆ ತೋರಿಸಿದೆ. ಸರಿಪಡಿಸಿದ ಲೆಕ್ಕವನ್ನು ಲಗತ್ತಿಸಿದ್ದೇನೆ. ಅದರ ಪ್ರಕಾರ ಈಗ ಗುರುತಿಸಿರುವ ಜಾಗದಲ್ಲಿ ಹೊಗೆ ಮಂಡಳಿಯ ಮಿತಿಯನ್ನು ಮೀರುತ್ತದೆ.

ಈ ತಪ್ಪು ಮೇ ತಿಂಗಳ ಕೊನೆಯಲ್ಲೇ ನನ್ನ ಗಮನಕ್ಕೆ ಬಂದಿತ್ತು. ನಾನು ಮುಚ್ಚಿಟ್ಟೆ. ಜುಲೈ ಹದಿನೆಂಟರ ಸಭೆಯಲ್ಲಿ ಒಬ್ಬರು ನೇರವಾಗಿ ಕೇಳಿದಾಗಲೂ ಮುಚ್ಚಿಟ್ಟೆ, ಅಳೆದವರ ಮೇಲೆ ಹೊರಿಸಿದೆ. ಅಳೆದವರದು ಯಾವ ತಪ್ಪೂ ಇಲ್ಲ. ಆ ಅಂಕಿಯನ್ನು ನಾನೇ ಖಾಸಗಿಯಾಗಿ ಕಾಗದ ಬರೆದು ತರಿಸಿಕೊಂಡೆ. ನನ್ನ ಆ ಕಾಗದವನ್ನೂ ಬಂದ ಚೀಟಿಯನ್ನೂ ಲಗತ್ತಿಸಿದ್ದೇನೆ.

ಕೆಲಸ ಒಪ್ಪಿಕೊಳ್ಳುವಾಗ ತುಂಬಿದ ಹಾಳೆಯಲ್ಲಿ, ಸಂಬಂಧಿಕರು ಇದ್ದಾರೆಯೇ ಎಂಬ ಪ್ರಶ್ನೆಗೆ ಇಲ್ಲ ಎಂದು ಬರೆದಿದ್ದೇನೆ. ಅದನ್ನು ಹೀಗೆ ತಿದ್ದಿಕೊಳ್ಳಬೇಕಾಗಿ ಕೋರುತ್ತೇನೆ. ಇದ್ದಾರೆ. ಸಭೆಯಲ್ಲಿ ಎದ್ದು ನಿಂತು ಕೇಳಿದವರು ನನ್ನ ಅಕ್ಕ.

ಮಂಡಳಿ ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿದ್ದೇನೆ.

ವರದಿಯ ಕರ್ತೃ


ಸೆಪ್ಟೆಂಬರ್ ೨೬

ಪ್ರೀತಿಯ ತಮ್ಮಾ,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ, ನಗಬೇಡ. ಬೆಳಗಿನ ಹನ್ನೊಂದು ಗಂಟೆಗೆ ನಮ್ಮ ಅಡುಗೆಮನೆಗೆ ಎಷ್ಟು ಬಿಸಿಲು ಬರುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಇವತ್ತೇ ನೋಡಿದ್ದು. ಕೆಲಸ ಹೋಯಿತು.

ಮಂಡಳಿಯ ಆದೇಶ ಗೇಟಿಗೆ ಬಂತು. ಇನ್ನೊಮ್ಮೆ ಅಳತೆ ಆಗುವವರೆಗೆ ಅಗೆತ ನಿಲ್ಲಿಸಬೇಕು ಎಂದಿದೆ. ಯಂತ್ರ ಗುಂಡಿಯ ಪಕ್ಕ ಸುಮ್ಮನೆ ನಿಂತಿದೆ. ಮುಂದೇನೋ ಗೊತ್ತಿಲ್ಲ. ಬೀದಿಯಲ್ಲಿ ಇಬ್ಬರು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಅವರ ಮಕ್ಕಳಿಗೆ ಆ ಮೂವತ್ತರಲ್ಲಿ ಕೆಲಸ ಆಗುವುದಿತ್ತು. ನಿನ್ನ ಭಾವ ಗಾಡಿ ಓಡಿಸುತ್ತಲೇ ಇದ್ದಾರೆ, ಅವರನ್ನು ಇನ್ನೂ ಮುಟ್ಟಿಲ್ಲ. ನಿನ್ನ ಪರವಾನಗಿ ಹೋದ ಸುದ್ದಿ ಕೇಳಿದೆ. ನೀನು ಮಾಡಿದ್ದು ಸರಿ ಎಂದು ಗೊತ್ತಿದ್ದೂ ಸಂಕಟವಾಯಿತು.

ನಿನ್ನೆ ಮ್ಯಾನೇಜರು ಕರೆಸಿದರು. ಮೇಜಿನ ಮೇಲೆ ಮಂಡಳಿಗೆ ನೀನು ಬರೆದ ಪತ್ರದ ನಕಲು. ಅದರ ಪಕ್ಕ ಟೈಪು ಮಾಡಿದ ಇನ್ನೊಂದು ಹಾಳೆ. "ಸದರಿ ವ್ಯಕ್ತಿಯ ಪರಿಚಯ ನನಗಿಲ್ಲ, ಅವರಿಗೆ ನಾನು ಯಾವ ಅಂಕಿಯನ್ನೂ ಕೊಟ್ಟಿಲ್ಲ." ಕೆಳಗೆ ನನ್ನ ಸಹಿಗೆ ಜಾಗ.

ಚಹಾ ತರಿಸಿಕೊಟ್ಟು ಮೆತ್ತಗೆ ಹೇಳಿದರು. "ನೋಡಮ್ಮ, ಕಾಗದ ಅವನ ಕೈಬರಹ. ಚೀಟಿ ಯಾರು ಬೇಕಾದ್ರೂ ಬರ್ದಿರಬಹುದು. ನೀವು ಇಲ್ಲ ಅಂದ್ರೆ ಮುಗೀತು. ತಲೆ ಕೆಟ್ಟೋನು ಯಾರೋ ಏನೋ ಬರ್ದ ಅಂತಾಗುತ್ತೆ. ನಾಳೆಯಿಂದ ಮಾಮೂಲಿನ ಹಾಗೆ ಕೆಲ್ಸಕ್ಕೆ ಬನ್ನಿ."

ಪೆನ್ನು ಕೈಗೆ ತೆಗೆದುಕೊಂಡೆ ತಮ್ಮಾ. ಸುಳ್ಳು ಹೇಳುವುದಿಲ್ಲ. ಮನೆ ಕಣ್ಣ ಮುಂದೆ ಬಂತು, ನಿನ್ನ ಭಾವನ ಔಷಧಿ ಬಂತು. ಸಭೆಯಲ್ಲಿ ನೀನು ಲೋಟ ಎತ್ತಿ ಕುಡಿಯದೆ ಇಟ್ಟೆಯಲ್ಲ, ಆ ಹೊತ್ತು ನಿನಗೆ ಏನಾಗಿತ್ತು ಎಂದು ಆಗ ಗೊತ್ತಾಯಿತು.

ಪೆನ್ನನ್ನು ಹಾಳೆಯ ಮೇಲೆ ಅಡ್ಡ ಇಟ್ಟೆ. ಮ್ಯಾನೇಜರ ದನಿ ಬದಲಾಯಿತು.

"ಹಾಗಾದ್ರೆ ಹೇಳಿ, ಈತ ನಿಮಗೆ ಏನಾಗಬೇಕು?"

"ತಮ್ಮ" ಎಂದೆ.

"ತಮ್ಮ ಅಂದ್ರೆ? ಎಲ್ರೂ ತಮ್ಮಂದಿರೇ."

"ಒಡಹುಟ್ಟಿದ ತಮ್ಮ ಸ್ವಾಮಿ. ನನ್ನ ಬೆನ್ನಿಗೆ ಬಿದ್ದವನು."

ನಿನ್ನ ಅಕ್ಕ